ದಶಾಂಶವಿಲ್ಲದ ಮೂರು

ಬೆಳಗ್ಗೆ ಆರು ಗಂಟೆ ಹನ್ನೆರಡು ನಿಮಿಷಕ್ಕೆ ರಮಾನಾಥರು ಮುಂಬಯಿಯ ಸಯನ್‌ನ ತಮ್ಮ ಗಲ್ಲಿಯ ಬಾಯಲ್ಲಿ, ರಸ್ತೆಯ ಮೇಲೆ ಒಂದು ಮೊಣಕಾಲೂರಿ ಕೂತು, ಗುಂಡಿಯೊಳಗಿನ ಮಳೆನೀರನ್ನು ಸ್ನಾನದ ಮಗ್ಗಿನಿಂದ ಮೊಗೆದು ಗಟಾರಕ್ಕೆ ಚೆಲ್ಲುತ್ತಿದ್ದರು. ಹಾಲಿನ ಟೆಂಪೊ ಬರುವುದು ಆರು ಇಪ್ಪತ್ತಕ್ಕೆ. ಅಲ್ಲಿಯವರೆಗೆ ಎಂಟು ನಿಮಿಷ ರಸ್ತೆ ಅವರದು.

ತಳ ಕಂಡ ಮೇಲೆ ಗುಂಡಿಯ ಎರಡೂ ದಡಕ್ಕೆ ತಾಗುವಂತೆ ಒಂದು ಮರದ ಪಟ್ಟಿಯನ್ನು ಅಡ್ಡ ಇಟ್ಟರು. ಉಕ್ಕಿನ ಸ್ಕೇಲನ್ನು ತಳಕ್ಕೆ ನೆಟ್ಟಗೆ ಇಳಿಸಿ, ಪಟ್ಟಿಯ ಕೆಳಗಿನ ಅಂಚು ಯಾವ ಗೆರೆಗೆ ಬರುತ್ತದೆಂದು ಓದಿದರು. ಓದುವಾಗ ಕಣ್ಣು ಗೆರೆಯ ಮಟ್ಟಕ್ಕೇ ಇರಬೇಕು. ನಿಂತು ಬಗ್ಗಿ ನೋಡಿದರೆ ಎರಡು ಮೂರು ಮಿಲಿಮೀಟರ್ ತಪ್ಪುತ್ತದೆ. ಹಾಗಾಗಿ ಅರುವತ್ತೊಂದು ವರ್ಷದ ರಮಾನಾಥರ ಕೆನ್ನೆ ಡಾಂಬರಿಗೆ ತಾಗುವಷ್ಟು ಕೆಳಗಿತ್ತು.

ಗಲ್ಲಿಯ ಬಾಯಲ್ಲೇ ಹೋಟೆಲು ಇಟ್ಟುಕೊಂಡಿದ್ದ ಧನರಾಜ ಶಟರ್ ಎತ್ತುತ್ತಾ ಕೇಳಿದ, "ಎಂಥ ರಮಾನಾಥಣ್ಣ, ರಸ್ತೆಗೆ ಕಿವಿ ಕೊಟ್ಟು ಮಲಗಿದ್ದೀರಿ? ಎಂಥ ಹೇಳ್ತದೆ ಅದು?"

"ಹನ್ನೊಂದು ಪಾಯಿಂಟ್ ನಾಲ್ಕು ಸೆಂಟಿಮೀಟರ್."

"ನನ್ನ ಸಾಂಬಾರಿನ ಪಾತ್ರೆ ಕೂಡ ಅಷ್ಟು ಆಳ ಇಲ್ಲ ಮಾರಾಯ್ರೆ."

"ಅದು ಗೊತ್ತುಂಟು. ಸಾಂಬಾರು ನೋಡಿದ್ರೇ ಗೊತ್ತಾಗ್ತದೆ."

ಧನರಾಜ ನಕ್ಕು ಒಳಗೆ ಹೋದ. ರಮಾನಾಥರು ಡೈರಿಯಲ್ಲಿ ತಾರೀಕು, ಉದ್ದ, ಅಗಲ, ಆಳ ಬರೆದು, ಮೊಬೈಲಿನಲ್ಲಿ ಚಿತ್ರ ತೆಗೆದು, ವಾರ್ಡ್ ಆಫೀಸಿಗೆ ದೂರು ಕಳಿಸಿದರು. ಉತ್ತರವಾಗಿ ಒಂದು ನಂಬರು ಬಂತು. ಅದರ ಕೊನೆಯ ಮೂರು ಅಂಕಿ ನಾಲ್ಕು, ಒಂದು, ಏಳು.

ಉಡುಪಿ ಕಡೆಯ ಒಂದು ಹಳ್ಳಿಯಿಂದ ಹದಿನಾಲ್ಕನೇ ವಯಸ್ಸಿಗೆ ಮುಂಬಯಿಗೆ ಬಂದವರು ಅವರು. ಹಗಲು ಸೋದರಮಾವನ ಹೋಟೆಲಿನಲ್ಲಿ ಟೇಬಲ್ ಒರೆಸಿ, ಸಂಜೆ ಏಳಕ್ಕೆ ಕನ್ನಡದ ರಾತ್ರಿ ಶಾಲೆಗೆ ಹೋಗುತ್ತಿದ್ದರು. ಮನೆಮಾತು ತುಳು, ಹೋಟೆಲಿನ ಮಾತು ಹಿಂದಿ, ಗಿರಾಕಿಗಳದು ಮರಾಠಿ; ಆದರೆ ಗಣಿತ ಕಲಿತದ್ದು ಕನ್ನಡದಲ್ಲಿ. ಆದ್ದರಿಂದ ಅವರ ತಲೆಯೊಳಗೆ ಅಂಕಿಗಳು ಇಂದಿಗೂ ಕನ್ನಡದಲ್ಲೇ ಓಡಾಡುತ್ತವೆ. ಮೆಟ್ರಿಕ್ ಆದ ಮೇಲೆ ವಿಲೆ ಪಾರ್ಲೆಯ ಕಾಲೇಜೊಂದರ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಸಹಾಯಕರಾಗಿ ಸೇರಿ, ದಾದರ್‌ನಲ್ಲಿ ಗಾಡಿ ಬದಲಿಸುತ್ತ, ಮೂವತ್ತಾರು ವರ್ಷ ದುಡಿದರು. ಪ್ರೊಫೆಸರುಗಳು ಸೂತ್ರ ಕಲಿಸಿದರೆ, ಅಳತೆ ಓದುವುದನ್ನು ಕಲಿಸುತ್ತಿದ್ದವರು ರಮಾನಾಥರು. ಸ್ಕೇಲಿನಲ್ಲಿ ಮಿಲಿಮೀಟರ್ ಗೆರೆ ಇದ್ದ ಮೇಲೆ ಮಿಲಿಮೀಟರ್ ತನಕ ಬರೆಯಬೇಕು. ಸರಿಯಾಗಿ ಐದೇ ಬಂದರೂ 5.0 ಎಂದು ಬರೆಯಬೇಕು. ಬರೀ ಐದು ಎಂದು ಬರೆದ ಹುಡುಗರಿಗೆ ಅವರು ಹೇಳುತ್ತಿದ್ದದ್ದು ಇಷ್ಟು: "ಇದು ಅಳತೆ ಅಲ್ಲ, ಅಂದಾಜು. ಪುನಃ ನೋಡಿ."

ನಿವೃತ್ತಿಯ ದಿನ ಶಾಲು, ತೆಂಗಿನಕಾಯಿ ಕೊಟ್ಟರು. ಉಕ್ಕಿನ ಸ್ಕೇಲು ಮಾತ್ರ ಅವರು ಕೇಳಿ ಪಡೆದದ್ದು.

ಮದುವೆ ಆಗಿರಲಿಲ್ಲ. ಆಗಬಾರದು ಎಂದೇನೂ ಇರಲಿಲ್ಲ. ಇಬ್ಬರು ತಂಗಿಯರ ಮದುವೆ ಮುಗಿಯುವ ಹೊತ್ತಿಗೆ ಇವರಿಗೆ ನಲವತ್ತಮೂರು. ಆಮೇಲೆ ಯಾರೂ ಕೇಳಲಿಲ್ಲ, ಇವರೂ ಕೇಳಿಕೊಳ್ಳಲಿಲ್ಲ. ತಂಗಿ ನೀಲಾವತಿ ಚೌತಿಗೆ ಮತ್ತು ದೀಪಾವಳಿಗೆ ಫೋನು ಮಾಡುತ್ತಾಳೆ. ಎರಡನೇ ಮಾಳಿಗೆಯ ಒಂದು ಕೋಣೆ, ಒಂದು ಅಡುಗೆಮನೆ. ಕೆಲಸ ಇರುವ ತನಕ ಅಲ್ಲಿ ಮೌನ ಇದೆ ಎಂಬುದು ಗೊತ್ತಾಗಿರಲಿಲ್ಲ. ನಿವೃತ್ತಿಯಾದ ಎರಡನೇ ವರ್ಷ, ಒಂದು ಮಂಗಳವಾರ, ಅವರು ತಾವು ದಿನವಿಡೀ ಆಡಿದ ಮಾತುಗಳನ್ನು ಎಣಿಸಿದರು. ಹತ್ತೊಂಬತ್ತು ಶಬ್ದ. ಹನ್ನೊಂದು ಧನರಾಜನೊಡನೆ, ಆರು ಹಾಲಿನವನೊಡನೆ, ಉಳಿದೆರಡು ಲಿಫ್ಟಿನಲ್ಲಿ ಯಾರೋ ಕೇಳಿದ್ದಕ್ಕೆ: "ಎರಡನೇ ಮಾಳಿಗೆ."

ಅದೇ ವಾರ ಬಸ್‌ಸ್ಟಾಪಿನ ಬೋರ್ಡಿನಲ್ಲಿ ರಸ್ತೆಗುಂಡಿಯ ದೂರು ಕೊಡುವ ವಿಧಾನ ಓದಿದರು. ಮೊಬೈಲಿನ ಆ ಫಾರ್ಮಿನಲ್ಲಿ 'ಆಳ' ಎಂಬ ಒಂದು ಚೌಕ ಇತ್ತು. ಬಹುಮಂದಿ ಅದನ್ನು ಖಾಲಿ ಬಿಡುತ್ತಾರೆಂದು ಅವರಿಗೆ ಆಮೇಲೆ ತಿಳಿಯಿತು. ಅವರಿಗೋ ಅದು ತಮಗಾಗಿಯೇ ಬಿಟ್ಟ ಜಾಗದಂತೆ ಕಂಡಿತ್ತು.

ಮೊದಲ ದೂರಿನ ಗುಂಡಿ ತುಂಬಿದ ಮರುದಿನ ವಾರ್ಡಿನ ದೂರು ವಿಭಾಗದಿಂದ ಫೋನು ಬಂತು. ಒಬ್ಬ ಹುಡುಗಿ ಹಿಂದಿಯಲ್ಲಿ, ಗುಂಡಿ ತುಂಬಿದ್ದಾರಾ, ರಸ್ತೆಯ ಮಟ್ಟಕ್ಕೆ ಇದೆಯಾ ಎಂದು ಕೇಳಿದಳು. ಮಟ್ಟಕ್ಕಿಲ್ಲ ಎಂದರು. ಎಷ್ಟು ಆಳ ಉಳಿದಿದೆ ಎಂದಳು. ರಮಾನಾಥರು ಡೈರಿಯ ಪುಟ ತಿರುವುತ್ತಾ ತಮ್ಮಷ್ಟಕ್ಕೆ, "ಹದಿನಾರು... ಹದಿನೇಳು ತಾರೀಕು... ಎರಡು ಪಾಯಿಂಟ್ ಆರು" ಎಂದು ಗೊಣಗಿದರು.

ಆ ಕಡೆ ಅವಳು ಅಂಕಿ ಬರೆದುಕೊಂಡಳು. ಆಮೇಲೆ, "ಅಂಕಲ್, ನೀವು ಕನ್ನಡದವ್ರಾ?"

ಅವಳ ಹೆಸರು ವಿಜೇತಾ. ಹುಟ್ಟಿ ಬೆಳೆದದ್ದೆಲ್ಲ ಮುಂಬಯಿಯಲ್ಲೇ. "ಅಜ್ಜಿ ಇರೋವಾಗ ಮಾತಾಡ್ತಿದ್ದೆ ಅಂಕಲ್. ಅಜ್ಜಿ ಹೋದ ಮೇಲೆ ನನ್ನ ಕನ್ನಡ ಬಂದ್ ಪಡ್ ಗಯಾ, ನಿಂತೇ ಹೋಯ್ತು. ತಪ್ಪು ಆದ್ರೆ ಹೇಳಿ, ಹ್ಞಾಂ?"

"ತಪ್ಪಿಲ್ಲ," ಎಂದರು ರಮಾನಾಥರು. "ಚಂದ ಉಂಟು."

ಅಂದಿನಿಂದ ಅವರ ದೂರುಗಳೆಲ್ಲ ಅವಳ ಪಾಲಿಗೇ ಬಂದವು. ಅವರ ನಂಬರಿನ ಪಕ್ಕ ಅವಳು ಏನೋ ಗುರುತು ಹಾಕಿಕೊಂಡಿದ್ದಳು. ಎರಡು ಮಳೆಗಾಲದಲ್ಲಿ ಇಪ್ಪತ್ತಾರು ದೂರು. ಕರೆ ಬರುವುದು ಮಧ್ಯಾಹ್ನ ಮೂರರಿಂದ ನಾಲ್ಕರ ನಡುವೆ. ಆ ಹೊತ್ತಿಗೆ ಅವರು ಸ್ಟವ್ ಹಚ್ಚುತ್ತಿರಲಿಲ್ಲ, ನಲ್ಲಿ ತಿರುಗಿಸುತ್ತಿರಲಿಲ್ಲ. ಫೋನಿನ ಸದ್ದು ಕೇಳಿಸದೆ ಹೋದೀತೆಂದು. ಒಂದು ಸಂಗತಿಯನ್ನೂ ಅವರು ಗಮನಿಸಿದ್ದರು. ಗುಂಡಿ ತುಂಬಿದೆ, ಮಟ್ಟಸ ಇದೆ ಎಂದರೆ ದೂರು ಮುಗಿಯಿತು. ಮಾತು ಮೂವತ್ತೆಂಟು ನಲವತ್ತು ಸೆಕೆಂಡಿಗೆ ನಿಲ್ಲುತ್ತದೆ. ಇಲ್ಲ ಎಂದರೆ ಆಳ, ಜಾಗ, ಗುರುತು ಎಲ್ಲ ಪುನಃ ಬರೆದುಕೊಳ್ಳಬೇಕು. ಅದಕ್ಕೆ ನಾಲ್ಕು ನಿಮಿಷ. ನಡುವೆ ಅವಳು ಊಟ ಆಯ್ತಾ ಎನ್ನುತ್ತಾಳೆ, ನೀರ್‌ದೋಸೆಗೆ ಅಕ್ಕಿ ಎಷ್ಟು ಹೊತ್ತು ನೆನೆಸಬೇಕು ಎನ್ನುತ್ತಾಳೆ. ಎಂಟು ದಿನದ ಮೇಲೆ ಇನ್ನೊಂದು ಕರೆಯೂ ಖಂಡಿತ.

ಒಮ್ಮೆ ಅವಳು ಹೇಳಿದಳು, "ಬೇರೆಯವ್ರು ಎಲ್ಲ ಮೊಣಕಾಲು ತನಕ ಉಂಟು, ಆನೆ ಬೀಳ್ತದೆ, ಹಾಗೆಲ್ಲ ಹೇಳ್ತಾರೆ ಅಂಕಲ್. ಇಂಜಿನಿಯರ್ ಸಾಹೇಬ್ರು ಹೋಗಿ ಚೆಕ್ ಮಾಡ್ಬೇಕಾಗ್ತದೆ. ನಿಮ್ಮದು ಚೆಕ್ ಮಾಡೋದೇ ಇಲ್ಲ. ರಮಾನಾಥ್ ಸರ್ ಹೇಳಿದ್ರಾ, ಹಾಗಾದ್ರೆ ಬರಿ ಅಂತಾರೆ."

ಈ ಮಾತನ್ನು ಅವರು ಒಂದು ವಾರ ಮನಸ್ಸಿನಲ್ಲಿ ಇಟ್ಟುಕೊಂಡು ತಿರುಗಿದರು.

ಸೆಪ್ಟೆಂಬರ್ ಕೊನೆಗೆ ಮಳೆ ಹಿಂದಾಯಿತು. ದೂರುಗಳು ಒಂದೊಂದಾಗಿ ಮುಗಿದು, ಉಳಿದದ್ದು ನಾನೂರ ಹದಿನೇಳು ಒಂದೇ. ಆ ಗುಂಡಿಯನ್ನೂ ಒಂದು ಮಂಗಳವಾರ ಯಾರೋ ಬಂದು ತುಂಬಿ ಹೋದರು. ಬುಧವಾರ ಬೆಳಗ್ಗೆ ರಮಾನಾಥರು ಪಟ್ಟಿ ಇಟ್ಟು ನೋಡಿದರೆ, ಅದರ ಅಡಿಯಲ್ಲಿ ಬೆಳಕಿನ ಗೆರೆ ಕೂಡ ತೂರಲಿಲ್ಲ. ಅಷ್ಟು ಮಟ್ಟಸ. ಎರಡು ಮಳೆಗಾಲದಲ್ಲಿ ಅಂಥ ಕೆಲಸ ಅವರು ಕಂಡಿರಲಿಲ್ಲ.

ಮೂರೂಕಾಲಿಗೆ ವಿಜೇತಾಳ ಫೋನು. ಖುಷಿಯಲ್ಲಿದ್ದಳು. "ಅಂಕಲ್, ಈ ಸೀಸನ್ನಿಂದು ನಿಮ್ಮ ಲಾಸ್ಟ್ ಇದು. ಇದು ಕ್ಲೋಸ್ ಆದ್ರೆ ನಾವು ಇನ್ನು ನೆಕ್ಸ್ಟ್ ಮಳೆಗೇ ಮಾತಾಡೋದು. ಹೊಂಡ ತುಂಬಿತಲ್ಲ?"

ರಮಾನಾಥರು ಗೋಡೆಯ ಕ್ಯಾಲೆಂಡರ್ ನೋಡಿದರು. ಅಕ್ಟೋಬರ್, ನವೆಂಬರ್, ಡಿಸೆಂಬರ್, ಜನವರಿ. ಜೂನ್ ತನಕ ಎಂಟು ತಿಂಗಳು. ನಿಮ್ಮೊಡನೆ ಮಾತಾಡಬೇಕು, ಸುಮ್ಮನೆ ಫೋನು ಮಾಡಿ ಎಂದು ಹೇಳಬಹುದಿತ್ತು. ಆದರೆ ಕಾರಣವಿಲ್ಲದೆ ಯಾರನ್ನೂ ಏನನ್ನೂ ಕೇಳಿ ಅವರಿಗೆ ರೂಢಿ ಇರಲಿಲ್ಲ.

"ತುಂಬಿದ್ದಾರೆ," ಎಂದರು. "ಆದ್ರೆ ಕುಸಿದಿದೆ."

"ಅಯ್ಯೋ. ಎಷ್ಟು ಅಂಕಲ್?"

"ಮೂರು."

ಫೋನಿಟ್ಟ ಮೇಲೆ ಡೈರಿ ತೆರೆದರು. ಆ ಅಂಕಿಯನ್ನು ಅಲ್ಲಿ ಬರೆಯಲು ಕೈ ಬರಲಿಲ್ಲ. ಪುಟ ಖಾಲಿ ಬಿಟ್ಟರು.

ವಾರದೊಳಗೆ ಯಾರೋ ಬಂದು ಅದೇ ಜಾಗವನ್ನು ಇನ್ನೊಮ್ಮೆ ಬಡಿದು, ಫೋಟೋ ತೆಗೆದು ಹೋದರೆಂದು ಧನರಾಜ ಹೇಳಿದ. ಮರುದಿನ ಕರೆ ಬಂತು. ವಿಜೇತಾ ಕೇಳಿದಳು, ರಮಾನಾಥರು ಪುನಃ, "ಮೂರು" ಎಂದರು. ಈ ಸಲ ನಾಲ್ಕೂವರೆ ನಿಮಿಷ ಮಾತಾಡಿದರು.

ಅಕ್ಟೋಬರ್ ಎರಡನೇ ಗುರುವಾರ, ಹನ್ನೊಂದು ಗಂಟೆಗೆ, ಅವರು ಧನರಾಜನ ಹೋಟೆಲಿನ ಮೆಟ್ಟಿಲ ಬಳಿ ಚಹಾ ಕುಡಿಯುತ್ತಾ ನಿಂತಿದ್ದಾಗ ರಸ್ತೆ ಕೆಲಸದ ಟೆಂಪೊ ಬಂತು. ನಲವತ್ತರ ಆಸುಪಾಸಿನ ಗಂಡ, ಹೆಂಡತಿ ಇಳಿದರು. ಪಿಕಾಸಿ, ಬುಟ್ಟಿ, ಡಾಂಬರು ಬೆರೆಸಿದ ಜಲ್ಲಿಯ ಎರಡು ಚೀಲ ಇಳಿಸಿಕೊಂಡ ಮೇಲೆ ಟೆಂಪೊ ಮುಂದಕ್ಕೆ ಹೋಯಿತು. ಗಂಡ ಆ ತೇಪೆಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಅಂಗೈಯಿಂದ ಸವರಿದ.

"ಇದರಾಗ ಮೂರು ಸೆಂಟಿಮೀಟರ್ ತಗ್ಗು ಎಲ್ಲಿ ಐತೋ, ನನಗಂತೂ ಕಾಣವಲ್ದು."

"ಮನ್ಯಾಗ ಬುತ್ತಿ ಬಿಟ್ಟು ಬರೂ ಹಾಂಗ ಅದನ್ನೂ ಎಲ್ಲ್ಯರೆ ಬಿಟ್ಟು ಬಂದಿರಿ, ನೋಡ್ರಿ," ಎಂದಳು ಹೆಂಡತಿ.

"ನಿನಗ ನಗಿ. ಯಾವ ಕಣ್ಣಿಲ್ಲದಾಂವ ಅಳದಾನೋ ಏನೋ."

ರಮಾನಾಥರ ಕೈಯಲ್ಲಿ ಗ್ಲಾಸು ಹಾಗೇ ನಿಂತಿತು. ಈ ಎರಡು ವಾರ ಅವರು ವಿಜೇತಾಳ ದನಿಯನ್ನು ಯೋಚಿಸಿದ್ದರು, ಖಾಲಿ ಪುಟವನ್ನು ಯೋಚಿಸಿದ್ದರು. ಮೂರು ಎಂದ ಮೇಲೆ ಆ ಮೂರನ್ನು ತುಂಬಲು ಯಾರೋ ಒಬ್ಬರು ಬರಬೇಕಾಗುತ್ತದೆ ಎಂಬುದನ್ನು ಯೋಚಿಸಿರಲಿಲ್ಲ. ಇನ್ನೆರಡು ಚಹಾ ಹೇಳಿ, ತಾವೇ ತೆಗೆದುಕೊಂಡು ಹೋಗಿ ಕೊಟ್ಟರು.

"ಯಾವ ಊರಾಯ್ತು ನಿಮ್ಮದು?"

"ವಿಜಾಪುರದ ಕಡೀದವರ್ರೀ. ನೀವೂ ನಮ್ಮವರ ಆದ್ರಿ ಹಂಗಾದ್ರ." ಅವನ ಮುಖ ಅರಳಿತು. ಹೆಸರು ಖಂಡಪ್ಪ, ಹೆಂಡತಿ ಸುಂದ್ರವ್ವ, ಇರುವುದು ಕುರ್ಲಾದಲ್ಲಿ. "ನೋಡ್ರಿ ಕಾಕಾ, ನೀವ ಹೇಳ್ರಿ, ಇದು ತಗ್ಗ ಅನಸ್ತೈತೇನು?" ಎಂದು ಪಿಕಾಸಿಯ ಕಾವನ್ನು ತೇಪೆಯ ಮೇಲೆ ಅಡ್ಡ ಮಲಗಿಸಿದ. "ಬೆಳಕು ತೂರವಲ್ದು. ಆದ್ರ ಆಫೀಸಿನ್ಯಾಗ ಒಬ್ಬ ಪಕ್ಕಾ ಅಳತಿ ಹಾಕಾಂವ ಅದಾನಂತ. ಅಂವ ಹೇಳಿದ್ರ ಸುಳ್ಳಿರೂದಿಲ್ಲಂತ. ಎರಡು ಸಲ ಹೊಳ್ಳಿ ಕಳಿಸ್ಯಾನ. ಈ ಸಲ ಪೂರಾ ಒಡದು ಹೊಸದಾಗಿ ಹಾಕಂದಾನ ಮುಕಾದಮ. ಮತ್ತ ಹೊಳ್ಳಿ ಬಂದ್ರ ಇಬ್ಬರನ್ನೂ ಗ್ಯಾಂಗಿನಿಂದ ತಗೀತೀನಂತ. ನಿನ್ನ ಕೈ ನೆಟ್ಟಗಿಲ್ಲ ಅಂದ್ರೀ. ಹದಿನೈದು ವರ್ಷದಾಗ ಆ ಮಾತು ಯಾರೂ ಅಂದಿದ್ದಿಲ್ಲ."

ಚಹಾ ಮುಗಿಸಿ ಎದ್ದ. ರಮಾನಾಥರು ಬಾಯಿ ತೆರೆಯುವಷ್ಟರಲ್ಲಿ ಪಿಕಾಸಿ ಬಿತ್ತು. ತೇಪೆ ಒಡೆಯಲಿಲ್ಲ. ಎರಡನೆಯ ಏಟಿಗೂ ಒಡೆಯಲಿಲ್ಲ, ಗೆರೆ ಬಿತ್ತು ಅಷ್ಟೆ. ಅಷ್ಟು ಗಟ್ಟಿಯಾಗಿ ಕೂರಿಸಿದ್ದ. ರಮಾನಾಥರು ಎಣಿಸುತ್ತಲೇ ನಿಂತಿದ್ದರು. ಎಣಿಸುವುದು ಬಿಟ್ಟು ಮಾತಾಡಬೇಕೆಂದು ಗೊತ್ತಿದ್ದೂ ಎಣಿಸಿದರು. ಏಳನೆಯ ಏಟಿಗೆ ಒಂದು ಹೆಂಟೆ ಎದ್ದು ಬಂತು.

"ನಿಲ್ಲಿಸಿ," ಎಂದರು. "ಆ ಅಳತೆ ಹಾಕಿದವ ನಾನು."

ಖಂಡಪ್ಪ ಪಿಕಾಸಿ ಕೆಳಗಿಟ್ಟ. "ನೀವ? ಹಂಗಾದ್ರ ಮೂರು ಎಲ್ಲಿತ್ರಿ?"

"ಇರ್ಲಿಲ್ಲ."

ಸುಂದ್ರವ್ವ ಗಂಡನ ತೋಳು ಮುಟ್ಟಿದಳು. "ಬಿಡ್ರಿ. ವಯಸ್ಸಾದವರು. ಕಣ್ಣು ಮಂಜಾಗಿರ್ತಾವ."

ಆ ಮಾತಿನ ಮರೆಯಲ್ಲಿ ಅವರು ಉಳಿದುಬಿಡಬಹುದಿತ್ತು. ಯಾರಿಗೂ ನೋವಾಗುತ್ತಿರಲಿಲ್ಲ.

"ಕಣ್ಣು ಸರಿ ಉಂಟಮ್ಮ," ಎಂದರು ರಮಾನಾಥರು.

"ಮತ್ಯಾಕ್ರೀ?"

"ಒಂದು ಫೋನು ಬರ್ತದೆ. ಹೊಂಡ ತುಂಬಿತಾ ಅಂತ ಕೇಳ್ಲಿಕ್ಕೆ. ತುಂಬಿತು ಅಂದ್ರೆ ಮತ್ತೆ ಬರೋದಿಲ್ಲ."

ಸುಂದ್ರವ್ವ ಅವರ ಮುಖವನ್ನೊಮ್ಮೆ, ಅವರ ಬರಿಗೈಯನ್ನೊಮ್ಮೆ ನೋಡಿ, ಬುಟ್ಟಿ ಎತ್ತಿಕೊಂಡು ಒಡೆದ ಚೂರುಗಳನ್ನು ತುಂಬತೊಡಗಿದಳು. ಖಂಡಪ್ಪ ಬೈಯಲಿಲ್ಲ. ಲೆಕ್ಕ ಕೂಡದವನ ಹಾಗೆ ಹೇಳಿದ, "ಒಂದು ಫೋನಿನ ಸಲುವಾಗಿ ಕುರ್ಲಾದಿಂದ ಎರಡು ಸಲ ಹೊಳ್ಳಿ ಬಂದೆ ನಾ."

ಒಡೆದದ್ದನ್ನು ತುಂಬಲೇಬೇಕಿತ್ತು. ಅಂಚುಗಳನ್ನು ನೆಟ್ಟಗೆ ಕಡಿದು, ತಳ ಗುಡಿಸಿ, ಜಲ್ಲಿ ಸುರಿದು ಬಡಿದರು. ರಮಾನಾಥರು ಮೇಲೆ ಹೋಗಿ ಪಟ್ಟಿ, ಸ್ಕೇಲು ತಂದು, ಹಗಲು ಹನ್ನೆರಡು ಗಂಟೆಯ ರಸ್ತೆಯಲ್ಲಿ, ಟ್ಯಾಕ್ಸಿಗಳು ಹಾರ್ನ್ ಹೊಡೆಯುತ್ತಿರುವಾಗ, ಕೆನ್ನೆ ನೆಲಕ್ಕೆ ತಾಗಿಸಿ ಮಲಗಿದರು. "ಎಡಗಡೆ ಎರಡು ಮಿಲಿಮೀಟರ್," ಎಂದರು. ಖಂಡಪ್ಪ ಒಂದು ಹಿಡಿ ಹಾಕಿ ಬಡಿದ. ಪುನಃ ನೋಡಿದರು. ಪಟ್ಟಿಯ ಕೆಳಗೆ ಬೆಳಕು ಇರಲಿಲ್ಲ.

ಟೆಂಪೊ ಹಿಂದೆ ಬಂದಾಗ ಖಂಡಪ್ಪ ಕೇಳಿದ, "ಫೋನ್ ಬಂದ್ರ ಏನಂತೀರಿ?"

"ಇದ್ದದ್ದು ಹೇಳ್ತೇನೆ."

ಅವನು ಪಿಕಾಸಿಯನ್ನು ಟೆಂಪೊಗೆ ಎತ್ತಿ ಹಾಕಿದ. ಸುಂದ್ರವ್ವ ಚಹಾದ ಗ್ಲಾಸುಗಳನ್ನು ತೊಳೆದು ಮೆಟ್ಟಿಲ ಮೇಲೆ ಬೋರಲು ಹಾಕಿ ಹೋದಳು.

ಶುಕ್ರವಾರ ಮಧ್ಯಾಹ್ನ ಮೂರು ಗಂಟೆ ನಲವತ್ತು ನಿಮಿಷಕ್ಕೆ ಫೋನು ಬಂತು.

"ಅಂಕಲ್, ನಾನೂರ ಹದಿನೇಳು. ಈ ಸಲ ಆದ್ರೂ ತುಂಬಿತಾ?"

"ತುಂಬಿದೆ. ರಸ್ತೆಯ ಮಟ್ಟಕ್ಕೆ ಉಂಟು. ವಿಜೇತಾ, ಇನ್ನೊಂದು ಬರ್ಕೊಳ್ಳಬೇಕು. ಮೊದಲಿನ ಎರಡು ಸಲವೂ ಹಾಗೇ ಇತ್ತು. ನಾನು ಸುಳ್ಳು ಹೇಳಿದ್ದು. ಖಂಡಪ್ಪ ಅಂತ ಆ ಕೆಲಸದವನ ಹೆಸರು. ಅವನ ಕೈ ನೆಟ್ಟಗುಂಟು ಅಂತ ಬರೀರಿ."

"ಅದಕ್ಕೆ ಕಾಲಮ್ ಇಲ್ಲ ಅಂಕಲ್..." ಟೈಪ್ ಮಾಡುವ ಸದ್ದು ನಿಂತಿತು. "ತಡೀರಿ. ಕೆಳಗೆ ರಿಮಾರ್ಕ್ ಇದೆ. ಅಲ್ಲಿ ಹಾಕ್ತೇನೆ. ಸಾಹೇಬ್ರು ಓದ್ತಾರೆ."

"ನನ್ನ ಹೆಸರು ಹಾಕಿಯೇ ಬರೀರಿ."

"ಹ್ಞಾಂ." ಸದ್ದು ಮುಂದುವರಿಯಿತು, ಪುನಃ ನಿಂತಿತು. "ಅಂಕಲ್, ಒಂದು ಹೇಳ್ಲಾ? ಆ ಎರಡು ಸಲ ನೀವು ಬರೀ ಮೂರು ಅಂದ್ರಿ. ಪಾಯಿಂಟ್ ಇರ್ಲಿಲ್ಲ. ನಿಮ್ಮದು ಯಾವಾಗ್ಲೂ ಪಾಯಿಂಟ್ ಇರ್ತದೆ."

ರಮಾನಾಥರು ಡೈರಿಯ ಖಾಲಿ ಪುಟಕ್ಕೆ ತಿರುವಿದರು. "ಸುಳ್ಳು ಅಂತ ಗೊತ್ತಿತ್ತಾ ನಿಮಗೆ?"

"ಸುಳ್ಳು ಅಂತ ಅಲ್ಲ. ಹುಷಾರಿಲ್ವೇನೋ ಅಂದ್ಕೊಂಡೆ. ಕೇಳ್ಬೇಕು ಅಂತಿದ್ದೆ. ಆದ್ರೆ ಹಿಂದೆ ಹನ್ನೊಂದು ಕಾಲ್ ಬಾಕಿ ಇತ್ತು."

ಆಮೇಲೆ, ತುಂಬಿದ ಗುಂಡಿಗೆ ಕೇಳಬೇಕಾಗಿಲ್ಲದ ಮೂರನೆಯ ಪ್ರಶ್ನೆಯನ್ನು ಅವಳು ಕೇಳಿದಳು: "ಆಳ ಎಷ್ಟು ಅಂಕಲ್?" ಅವರು ಹೇಳಿದರು. ಅವಳು ಬರೆದುಕೊಂಡು, ನೆಕ್ಸ್ಟ್ ಮಳೆಗೆ ಮಾತಾಡೋಣ ಎಂದಳು. ಎರಡು ನಿಮಿಷ ಹತ್ತು ಸೆಕೆಂಡು.

ಡಿಸೆಂಬರಿನಲ್ಲಿ ಒಂದು ಬೆಳಗ್ಗೆ ರಸ್ತೆ ಕೆಲಸದ ಟೆಂಪೊ ಗಲ್ಲಿಯ ಮುಂದೆ ಹಾದುಹೋಯಿತು. ಹಿಂದುಗಡೆ ಖಂಡಪ್ಪ, ಸುಂದ್ರವ್ವ ಕೂತಿದ್ದರು. ಅವರು ಈ ಕಡೆ ನೋಡಲಿಲ್ಲ. ಇಬ್ಬರೂ ಇದ್ದಾರೆ ಎಂಬುದನ್ನು ರಮಾನಾಥರು ಎರಡು ಸಲ ಎಣಿಸಿ ಖಚಿತ ಮಾಡಿಕೊಂಡರು.

ಜೂನ್ ಬಂತು, ಮಳೆ ಬಂತು, ಎದುರಿನ ರಸ್ತೆಯಲ್ಲಿ ಹೊಸ ಗುಂಡಿ ಬಿತ್ತು. ಆಳ 6.8. ದೂರು ಕೊಟ್ಟು, ಗುಂಡಿ ತುಂಬಿದ ಮರುದಿನ ಮೂರು ಗಂಟೆಯಿಂದ ಕಾದರು. ನಾಲ್ಕೂಕಾಲಿಗೆ ಒಂದು ಮೆಸೇಜು ಬಂತು: ಗುಂಡಿ ತುಂಬಿದ್ದರೆ ಒಂದು ಒತ್ತಿ, ಇಲ್ಲದಿದ್ದರೆ ಎರಡು ಒತ್ತಿ. ವಾರ್ಡಿನವರು ಈ ವರ್ಷದಿಂದ ಫೋನು ಮಾಡುವುದು ನಿಲ್ಲಿಸಿದ್ದರು. ದೂರು ವಿಭಾಗದ ಹುಡುಗಿಯರು ಎಲ್ಲಿಗೆ ಹೋದರೆಂದು ಕೇಳಲು ಆ ಮೆಸೇಜಿನಲ್ಲಿ ಜಾಗ ಇರಲಿಲ್ಲ. ರಮಾನಾಥರು ಹೊರಗೆ ಹೋಗಿ, ಪಟ್ಟಿ ಇಟ್ಟು, ಬಗ್ಗಿ ನೋಡಿ ಬಂದು, ಒಂದು ಒತ್ತಿದರು.

ಹಳೆಯ ದೂರುಗಳನ್ನು ಮಾತ್ರ ಮೊಬೈಲಿನಲ್ಲಿ ಇಂದಿಗೂ ತೆರೆದು ನೋಡಬಹುದು. ಕೆಲವು ಮಧ್ಯಾಹ್ನ ಮೂರೂ ನಲವತ್ತರ ಸುಮಾರಿಗೆ, ಸ್ಟವ್ ಹಚ್ಚದೆ ಕೂತಿರುವ ಹೊತ್ತಿನಲ್ಲಿ, ಅವರು ನಾನೂರ ಹದಿನೇಳನ್ನು ತೆರೆಯುತ್ತಾರೆ. ಮೇಲೆ ಚಿತ್ರಗಳಿವೆ, ತಾರೀಕುಗಳಿವೆ. ಕೆಳಗೆ ರಿಮಾರ್ಕಿನಲ್ಲಿ ಇಂಗ್ಲಿಷ್ ಲಿಪಿಯಲ್ಲಿ ತಡವರಿಸುತ್ತ ಬರೆದ ಕನ್ನಡ ಇದೆ: ಹಿಂದಿನ ಎರಡು ಅಳತೆ ತಪ್ಪು, ಖಂಡಪ್ಪನ ಕೆಲಸ ಸರಿ, ಹೇಳಿದವರು ರಮಾನಾಥ್ ಅಂಕಲ್. ಅದರ ಮುಂದೆ, ಆ ಶುಕ್ರವಾರ ಅವರು ಫೋನಿನಲ್ಲಿ ಒಂದೊಂದೇ ಅಕ್ಷರ ಬಿಡಿಸಿ ಹೇಳಿದ ಆಳ, ದಶಾಂಶ ಸಮೇತ: 0.0.